ಬಿಳಿ ರಕ್ತಕಣ ಏರುಪೇರಾಗಿದೆಯಾ? ರಿಪೋರ್ಟ್ ಓದುವುದರಿಂದ ದೊಡ್ಡಾಸ್ಪತ್ರೆ ಬಾಗಿಲವರೆಗೆ

ರಾತ್ರಿ ಒಂಬತ್ತೂವರೆಗೆ ವಾಟ್ಸಾಪ್‌ಗೆ ಒಂದು ಫೋಟೋ ಬರುತ್ತದೆ. ಸಿಬಿಸಿ ರಿಪೋರ್ಟ್, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ. ಒಂದು ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿರುತ್ತಾರೆ. ಕೆಳಗೆ ಒಂದೇ ಪ್ರಶ್ನೆ: "ತಮಾ, ಇದು ಅದಲ್ಲ ಅಲ್ವಾ?"

ಅದು ಅಂದರೆ ಯಾವುದು ಅಂತ ಬರೆದಿರುವುದಿಲ್ಲ. ಬ್ಲಡ್ ಕ್ಯಾನ್ಸರ್ ಅನ್ನುವ ಮಾತನ್ನು ನಮ್ಮ ಶಿರಸಿ ಕಡೆ ಬಾಯಿಬಿಟ್ಟು ಹೇಳುವವರು ಕಡಿಮೆ.

ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ಮೊದಲು ಕುಮಟಾ, ಈಗ ಶಿರಸಿ. ಇಷ್ಟು ವರ್ಷದಲ್ಲಿ ನೋಡಿದ್ದು ಇಷ್ಟೇ: ಹೆದರಬೇಕಾಗಿಲ್ಲದವರು ತುಂಬಾ ಹೆದರುತ್ತಾರೆ, ಓಡಬೇಕಾದವರು "ಸುಸ್ತು ಅಷ್ಟೇ, ಮಳೆಗಾಲ ಮುಗೀಲಿ" ಅಂತ ಕೂತಿರುತ್ತಾರೆ. ಇಬ್ಬರೂ ನೋಡುವುದು ಒಂದೇ ಅಂಕಿಯನ್ನು, ಅಂದರೆ ಬಿಳಿ ರಕ್ತಕಣದ ಒಟ್ಟು ಲೆಕ್ಕ. ಆ ಒಂದು ಅಂಕಿ ಒಂಟಿಯಾಗಿ ಹೆಚ್ಚೇನೂ ಹೇಳುವುದಿಲ್ಲ. ಅದರ ಅಕ್ಕಪಕ್ಕದ ಸಾಲುಗಳನ್ನು ಹೇಗೆ ಓದುವುದು, ಆಮೇಲೆ ಏನು ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಯೂನಿಟ್ ನೋಡಿ

ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಬಿಳಿ ರಕ್ತಕಣ ಸುಮಾರು 4,000ದಿಂದ 11,000 ಇರಬೇಕು. ಕೆಲವು ಲ್ಯಾಬ್‌ನವರು 7,800 ಅಂತ ಛಾಪಿಸುತ್ತಾರೆ, ಕೆಲವರು ಸಾವಿರದ ಲೆಕ್ಕದಲ್ಲಿ 7.8 ಅಂತ. ಎರಡೂ ಒಂದೇ. "ಬಿಳಿ ರಕ್ತಕಣ ಬರೀ ಏಳೇ ಉಳಿದಿದೆಯಂತೆ" ಅಂತ ಅಳುತ್ತಾ ಫೋನ್ ಮಾಡಿದವರಿದ್ದಾರೆ. ನಗಬೇಡಿ, ರಿಪೋರ್ಟ್ ಬರೆಯುವವರು ನಾವು, ತಪ್ಪು ನಮ್ಮದೂ ಇದೆ.

11,000 ದಾಟಿದ ಕೂಡಲೇ ಗಾಬರಿ ಬೇಡ. ಹಲ್ಲಿನ ಕೀವು, ನ್ಯುಮೋನಿಯಾ, ಮೂತ್ರದ ಸೋಂಕು, ಆಪರೇಷನ್ ಆಗಿ ಎರಡು ದಿನ, ಗರ್ಭಿಣಿಯರು, ದಿನಕ್ಕೊಂದು ಕಟ್ಟು ಬೀಡಿ ಸೇದುವವರು, ದಮ್ಮಿಗೆ ಸ್ಟೀರಾಯ್ಡ್ ಮಾತ್ರೆ ನುಂಗುವವರು, ಇವರೆಲ್ಲರಲ್ಲೂ ಏರುತ್ತದೆ. ತುಂಬು ಗರ್ಭಿಣಿಯಲ್ಲಿ 14,000 ಇದ್ದರೆ ನಾವು ಎರಡನೇ ಸಲ ನೋಡುವುದೂ ಇಲ್ಲ. ಜೋರು ಸೋಂಕು ಬಂದರೆ 50,000 ದಾಟುವುದೂ ಉಂಟು, ಅಪರೂಪ ಅಷ್ಟೇ. ಮಕ್ಕಳ ಲೆಕ್ಕವೇ ಬೇರೆ. ಹುಟ್ಟಿದ ಕೂಸಿಗೆ 20,000 ಇದ್ದರೂ ಸಹಜ. ನಾಲ್ಕೈದು ವರ್ಷದವರೆಗೆ ಲಿಂಫೋಸೈಟ್‌ಗಳೇ (ಬಿಳಿ ರಕ್ತಕಣದ ಒಂದು ಜಾತಿ) ಜಾಸ್ತಿ ಇರುವುದು. ಹಾಗಾಗಿ ಮಗುವಿನ ರಿಪೋರ್ಟನ್ನು ದೊಡ್ಡವರ ಅಳತೆಯ ಪಕ್ಕ ಇಟ್ಟು ನೋಡಬೇಡಿ.

ಶೇಕಡಾ ನಂಬಬೇಡಿ, ಗುಣಿಸಿ

ಬಿಳಿ ರಕ್ತಕಣ ಅಂದರೆ ಒಂದೇ ಜಾತಿಯಲ್ಲ. ನ್ಯೂಟ್ರೋಫಿಲ್, ಲಿಂಫೋಸೈಟ್, ಮೊನೋಸೈಟ್, ಇಯೋಸಿನೋಫಿಲ್, ಬೇಸೋಫಿಲ್ ಅಂತ ಐದು. ರಿಪೋರ್ಟ್‌ನಲ್ಲಿ ಇವುಗಳ ಶೇಕಡಾ ಇರುತ್ತದೆ. ಜನ ಮೋಸ ಹೋಗುವುದೇ ಇಲ್ಲಿ.

ಒಂದು ಲೆಕ್ಕ ಮಾಡೋಣ. ಒಟ್ಟು 3,200. ಲಿಂಫೋಸೈಟ್ 62, ನ್ಯೂಟ್ರೋಫಿಲ್ 30. ಲಿಂಫೋಸೈಟ್ 40ರ ಒಳಗಿರಬೇಕು ಅಂತ ಪಕ್ಕದಲ್ಲೇ ಬರೆದಿದೆ, 62 ದಪ್ಪ ಅಕ್ಷರದಲ್ಲಿದೆ, ಮನೆಯವರ ಎದೆ ಡವಡವ. ಈಗ 3,200ನ್ನು 62ರಿಂದ ಗುಣಿಸಿ 100ರಿಂದ ಭಾಗಿಸಿ. 1,984. ದೊಡ್ಡವರಲ್ಲಿ 4,000ದವರೆಗೆ ಇರಬಹುದು, ಅಂದರೆ ಲಿಂಫೋಸೈಟ್ ಏನೂ ಹೆಚ್ಚಿಲ್ಲ. ನ್ಯೂಟ್ರೋಫಿಲ್‌ಗೂ ಹಾಗೇ ಮಾಡಿ. 960. ಇದು 1,500ಕ್ಕಿಂತ ಕಡಿಮೆ. ನಿಜವಾದ ತೊಂದರೆ ಇರುವುದು ಇಲ್ಲಿ, ದಪ್ಪ ಅಕ್ಷರ ಬಿದ್ದದ್ದು ಇನ್ನೆಲ್ಲೋ. ಜ್ವರದ ನಾಲ್ಕನೇ ದಿನದ ಡೆಂಗಿ ರಿಪೋರ್ಟ್ ಹೆಚ್ಚು ಕಡಿಮೆ ಹೀಗೇ ಇರುತ್ತದೆ.

ಹೀಗೆ ಬಂದ ನ್ಯೂಟ್ರೋಫಿಲ್ ಅಂಕಿಯನ್ನು ಎಎನ್‌ಸಿ ಅನ್ನುತ್ತಾರೆ. ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. 500ಕ್ಕಿಂತ ಕೆಳಗಿಳಿದು ಜ್ವರವೂ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಅಂತ ಕಾಯಬಾರದು, ಅದೇ ರಾತ್ರಿ ಆಸ್ಪತ್ರೆ.

ನಮ್ಮ ಊರಿನ ಜ್ವರಗಳನ್ನು ಮೊದಲು ನೆನಪಿಸಿಕೊಳ್ಳಿ

ಡಾಕ್ಟರ್ ಕೇಳುವ ಮೊದಲೇ ನೀವು ಹೇಳಬೇಕಾದ ವಿಷಯ ಇದು. ಬೇರೆ ಊರಿನ ದೊಡ್ಡಾಸ್ಪತ್ರೆಯವರಿಗೆ ನಮ್ಮ ತೋಟ, ಗದ್ದೆ, ಬೆಟ್ಟ ಗೊತ್ತಿರುವುದಿಲ್ಲ.

ಡಿಸೆಂಬರ್ ಕಳೆದ ಮೇಲೆ ಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸಲು ಹೋಗಿ ಬಂದು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಮಂಗನ ಕಾಯಿಲೆಯ ಯೋಚನೆ ಮಾಡಲೇಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ಸಿದ್ದಾಪುರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಉಣ್ಣೆ ಕಚ್ಚಿ ಬರುವ ಈ ಕಾಯಿಲೆಯಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಎರಡೂ ಇಳಿಯುತ್ತವೆ. ಡೆಂಗಿಯಲ್ಲೂ ಹಾಗೇ. ಟೈಫಾಯ್ಡ್‌ನಲ್ಲೂ ಬಿಳಿ ರಕ್ತಕಣ ಕಡಿಮೆ ಇರಬಹುದು. ಗದ್ದೆ ನೀರಿನಲ್ಲಿ ಕಾಲಿಟ್ಟವರಿಗೆ ಬರುವ ಇಲಿಜ್ವರದಲ್ಲಿ ತಿರುಗಾ ಮುರುಗಾ: ನ್ಯೂಟ್ರೋಫಿಲ್ ಏರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ.

ಇಯೋಸಿನೋಫಿಲ್ ಮಾತ್ರ ಹೆಚ್ಚಿದ್ದರೆ ಸಾಮಾನ್ಯವಾಗಿ ಹೊಟ್ಟೆಹುಳ, ಅಲರ್ಜಿ, ದಮ್ಮು. ಕರಾವಳಿಯಲ್ಲಿ ಆನೆಕಾಲು ರೋಗದ ಹುಳವೂ ಲೆಕ್ಕಕ್ಕೆ ಬರುತ್ತದೆ. ಗುಣಿಸಿದಾಗ 500 ದಾಟಿದರೆ ಹೆಚ್ಚು ಅಂತ ಅರ್ಥ. 1,500 ದಾಟಿ ತಿಂಗಳುಗಟ್ಟಲೆ ಇಳಿಯದಿದ್ದರೆ ಸುಮ್ನೆ ಹುಳದ ಮಾತ್ರೆ ನುಂಗುತ್ತಾ ಕೂರಬೇಡಿ, ತಜ್ಞರಿಗೆ ತೋರಿಸಿ.

ಜ್ವರ, ಕೆಮ್ಮು ಇದ್ದಾಗ ಅಲ್ಪಸ್ವಲ್ಪ ಏರುಪೇರಾಗಿದ್ದರೆ ಡಾಕ್ಟರ್ ಔಷಧಿ ಕೊಟ್ಟು, ಗುಣವಾದ ಮೇಲೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಮಾಡಿಸಲು ಹೇಳುತ್ತಾರೆ. ಮಾಡಿಸಿ. ದಿನಾ ದಿನಾ ಮಾಡಿಸಬೇಡಿ (ನನ್ನ ಲ್ಯಾಬಿಗೆ ನಷ್ಟ, ಆದರೂ ಹೇಳುತ್ತೇನೆ).

ಮೂರು ಸಾಲು ಒಟ್ಟಿಗೆ ಓದಿ

ಹೀಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್. ಮೂರೂ ತಯಾರಾಗುವುದು ಮೂಳೆಯ ಒಳಗಿನ ಮಜ್ಜೆಯಲ್ಲಿ. ಅಲ್ಲಿ ಕ್ಯಾನ್ಸರ್ ಕಣಗಳು ಜಾಗ ಹಿಡಿದರೆ ಉಳಿದವಕ್ಕೆ ಬೆಳೆಯಲು ಜಾಗ ಸಿಗುವುದಿಲ್ಲ, ಕಳೆ ತುಂಬಿದ ಗದ್ದೆಯ ಹಾಗೆ. ಹಾಗಾಗಿ ಬಿಳಿ ರಕ್ತಕಣ 13,000 ಇದ್ದು ಹೀಮೋಗ್ಲೋಬಿನ್ 14, ಪ್ಲೇಟ್‌ಲೆಟ್ 2.8 ಲಕ್ಷ ಇರುವ ರಿಪೋರ್ಟ್ ನನಗೆ ಅಷ್ಟು ಹೆದರಿಕೆ ಹುಟ್ಟಿಸುವುದಿಲ್ಲ. ಬಿಳಿ ರಕ್ತಕಣ 6,000 ಅಂತ ಚೆನ್ನಾಗೇ ಕಾಣುತ್ತಿದ್ದು ಹೀಮೋಗ್ಲೋಬಿನ್ 7, ಪ್ಲೇಟ್‌ಲೆಟ್ 40,000 ಇದ್ದರೆ ನಾನು ಕುರ್ಚಿಯಿಂದ ಏಳುತ್ತೇನೆ. ಬ್ಲಡ್ ಕ್ಯಾನ್ಸರ್‌ನಲ್ಲಿ ಬಿಳಿ ರಕ್ತಕಣ ಏರಲೇಬೇಕು ಅಂತಿಲ್ಲ. ಇಳಿದಿರಬಹುದು, ಸರಿಯಾಗಿಯೂ ಇರಬಹುದು.

ಮೂರೂ ಇಳಿದಿದ್ದರೂ ಅದು ಕ್ಯಾನ್ಸರ್ ಅಂತಲೇ ಅಲ್ಲ. ಬಿ12 ಕೊರತೆಯಲ್ಲೂ ಮೂರೂ ಇಳಿಯುತ್ತವೆ, ಮೀನು ಮಾಂಸ ಮುಟ್ಟದ ಮನೆಗಳಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ. ಇಂಜೆಕ್ಷನ್ ಕೊಟ್ಟರೆ ತಿಂಗಳಲ್ಲಿ ಮನುಷ್ಯ ಎದ್ದು ಓಡಾಡುತ್ತಾನೆ.

ಮೈಯಲ್ಲಿ ನೋಡಬೇಕಾದದ್ದೂ ಇದೆ. ಪೆಟ್ಟು ಬೀಳದೇ ಬರುವ ನೀಲಿ ಕಲೆ, ಕಾಲ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕಿ, ವಸಡಿನಲ್ಲಿ ರಕ್ತ. ಕವಳ (ಎಲೆಯಡಿಕೆ) ಹಾಕುವವರಿಗೆ ವಸಡಿನ ರಕ್ತ ಗೊತ್ತೇ ಆಗುವುದಿಲ್ಲ, ಉಗುಳಿದ್ದೆಲ್ಲ ಕೆಂಪೇ. ಬೆಳಿಗ್ಗೆ ಕವಳಕ್ಕೆ ಮೊದಲು ಬಾಯಿ ಮುಕ್ಕಳಿಸಿ ನೋಡಿ. ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದ ಗಂಟು ತಿಂಗಳಾದರೂ ಕರಗದಿದ್ದರೆ ತೋರಿಸಿ. ಆರು ತಿಂಗಳಲ್ಲಿ ಹತ್ತನೇ ಒಂದು ಪಾಲು ತೂಕ ಇಳಿದಿದ್ದರೆ ತೋರಿಸಿ. ರಾತ್ರಿ ಬೆವರೂ ಒಂದು ಲಕ್ಷಣ ಅನ್ನುತ್ತಾರೆ, ಆದರೆ ಮೇ ತಿಂಗಳಲ್ಲಿ ಕಾರವಾರ, ಕುಮಟಾದಲ್ಲಿ ಬೆವರದವರು ಯಾರು? ಜನವರಿಯ ಚಳಿಯಲ್ಲೂ ಅಂಗಿ ಬದಲಿಸುವಷ್ಟು ಬೆವರಿದರೆ ಆಗ ಯೋಚಿಸಿ. ಮಗು ಆಟ ಬಿಟ್ಟು ಕಾಲು ನೋವು ಅಂತ ಕುಂಟುತ್ತಿದ್ದು, ಮುಖ ಬಿಳಿಚಿ, ಜ್ವರ ಬಂದು ಹೋಗಿ ಮಾಡುತ್ತಿದ್ದರೆ "ಬೆಳೆಯುವ ನೋವು" ಅಂತ ಎಣ್ಣೆ ತಿಕ್ಕಿ ಬಿಡಬೇಡಿ. ಒಂದು ಸಿಬಿಸಿ ಮಾಡಿಸಿ.

ಸ್ಲೈಡ್ ನೋಡಿಸಿ, ಇದನ್ನು ಬಿಡಲೇಬೇಡಿ

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಹೆಸರು ಪೆರಿಫೆರಲ್ ಸ್ಮಿಯರ್. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ಇನ್ನೊಂದು ಸ್ಲೈಡ್‌ನ ಅಂಚಿನಿಂದ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪ್‌ನಲ್ಲಿ ಮನುಷ್ಯ ನೋಡುವುದು. ದೊಡ್ಡ ಖರ್ಚಿನದಲ್ಲ.

ನನ್ನದೇ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಸಂಜೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಕೊನೆಯ ಸ್ಯಾಂಪಲ್. ನಮ್ಮಲ್ಲಿದ್ದದ್ದು ಸಣ್ಣ ಮಷಿನ್, ಅದು ಐದು ಜಾತಿ ಬೇರೆ ಮಾಡುವುದಿಲ್ಲ, ಮೂರೇ ಗುಂಪು: ಲಿಂಫೋಸೈಟ್, ಮಿಡ್ (ನಡುಗಾತ್ರದ ಕಣ), ಗ್ರಾನ್ಯುಲೋಸೈಟ್. ಮಿಡ್ ಅನ್ನುವ ಸಾಲಿನಲ್ಲಿ ಶೇಕಡಾ 34 ತೋರಿಸಿತು. ಮೊನೋಸೈಟ್ ಇರಬೇಕು, ವೈರಲ್ ಜ್ವರ ಅಂದುಕೊಂಡು ಸ್ಲೈಡ್ ನೋಡದೇ ರಿಪೋರ್ಟ್ ಕೊಟ್ಟುಬಿಟ್ಟೆ. ಮರುದಿನ ಸೀನಿಯರ್ ಯಾಕೋ ಅನುಮಾನ ಬಂದು ಅದೇ ಟ್ಯೂಬಿನಿಂದ ಸ್ಲೈಡ್ ಎಳೆದರು, ಎರಡು ನಿಮಿಷ ಮಾತಾಡಲಿಲ್ಲ, ಆಮೇಲೆ ನನ್ನನ್ನು ಕರೆದು ಕೂರಿಸಿದರು. ಕಣದ ತುಂಬಾ ನೇರಳೆ ಬಣ್ಣದ ದೊಡ್ಡ ನ್ಯೂಕ್ಲಿಯಸ್, ಸುತ್ತ ತೆಳ್ಳಗೆ ನೀಲಿ ಅಂಚು, ಒಳಗೆ ಮಸುಕಾದ ಎರಡು ಮೂರು ಚುಕ್ಕೆ. ಬ್ಲಾಸ್ಟ್. ಬೆಳೆಯದ ಎಳೆ ಕಣ, ಮಜ್ಜೆ ಬಿಟ್ಟು ರಕ್ತಕ್ಕೆ ಬರಬಾರದ್ದು. ಮಷಿನ್ ಅದನ್ನು ಮಿಡ್ ಅಂತ ಎಣಿಸಿತ್ತು. ಆ ಮನೆಯವರನ್ನು ಹುಡುಕಿಕೊಂಡು ಬೈಕ್‌ನಲ್ಲಿ ಹೋದದ್ದು ಇವತ್ತಿಗೂ ಮರೆತಿಲ್ಲ. ಒಂದು ದಿನ ತಡವಾಯಿತು, ಅಷ್ಟರಲ್ಲೇ ಉಳಿಯಿತು.

ಹಾಗಾಗಿ ನಿಮ್ಮ ರಿಪೋರ್ಟ್‌ನಲ್ಲಿ ಮಿಡ್ ಅನ್ನುವ ಸಾಲಿದ್ದು ಅದು ಹೆಚ್ಚಿದ್ದರೆ, ಅಥವಾ ಮೂರು ಸಾಲಿನಲ್ಲಿ ಎರಡು ಕೆಟ್ಟಿದ್ದರೆ, ಡಾಕ್ಟರ್ ಹತ್ತಿರ "ಸ್ಮಿಯರ್ ಮಾಡಿಸಿ, ಪೆಥಾಲಜಿಸ್ಟ್ ನೋಡಲಿ" ಅಂತ ನೀವೇ ಕೇಳಿ. ಕೇಳಿದರೆ ತಪ್ಪಿಲ್ಲ.

ಸ್ಯಾಂಪಲ್ ಬೆಳಿಗ್ಗೆಯೇ ಕೊಡಿ. ಹಳ್ಳಿಯ ಕಲೆಕ್ಷನ್ ಸೆಂಟರ್‌ನಲ್ಲಿ ಸಂಜೆ ತೆಗೆದ ರಕ್ತ ರಾತ್ರಿಯಿಡೀ ಪ್ರಯಾಣ ಮಾಡಿದರೆ ಕಣಗಳ ರೂಪವೇ ಕೆಡುತ್ತದೆ. ಟ್ಯೂಬ್ ಹೋದರೂ ಹೋಗಲಿ, ಸ್ಲೈಡ್ ಮಾತ್ರ ಆಗಲೇ ಎಳೆದಿಡಲು ಹೇಳಿ. ಇನ್ನೊಂದು: ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕ) ಕೆಲವರ ಪ್ಲೇಟ್‌ಲೆಟ್‌ಗಳನ್ನು ಗುಂಪುಗುಂಪಾಗಿ ಅಂಟಿಸಿಬಿಡುತ್ತದೆ. ಮಷಿನ್ 30,000 ಅನ್ನುತ್ತದೆ, ಮನುಷ್ಯ ಎದುರಿಗೆ ಕಡ್ಲೆಬೀಜ ತಿನ್ನುತ್ತಾ ಕೂತಿರುತ್ತಾನೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಿದರೆ ಎರಡು ಲಕ್ಷ.

ಬ್ಲಡ್ ಕ್ಯಾನ್ಸರ್ ಅಂದರೆ ಒಂದು ಕಾಯಿಲೆಯಲ್ಲ

ಸ್ಮಿಯರ್‌ನಲ್ಲಿ ಅನುಮಾನ ಬಂದರೆ ಮುಂದಿನ ಪ್ರಶ್ನೆ ಯಾವುದು ಅನ್ನುವುದು. ಲ್ಯುಕೇಮಿಯಾ (ಮಜ್ಜೆ, ರಕ್ತದಲ್ಲಿ), ಲಿಂಫೋಮಾ (ಹೆಚ್ಚಾಗಿ ಗಂಟುಗಳಲ್ಲಿ), ಮೈಲೋಮಾ (ಮಜ್ಜೆಯ ಪ್ಲಾಸ್ಮಾ ಕಣಗಳಲ್ಲಿ) ಅಂತ ದೊಡ್ಡ ಮೂರು ಗುಂಪು. ಲ್ಯುಕೇಮಿಯಾದಲ್ಲಿ ದಿಢೀರನೆ ಬರುವುದು, ನಿಧಾನಕ್ಕೆ ಬರುವುದು ಅಂತ ಎರಡು ಬಗೆ.

ದಿಢೀರ್ ಬಗೆ ವಾರಗಳಲ್ಲೇ ಮನುಷ್ಯನನ್ನು ಮಲಗಿಸುತ್ತದೆ, ಇದರಲ್ಲಿ ದಿನ ಲೆಕ್ಕ. ಮಕ್ಕಳಲ್ಲಿ ಹೆಚ್ಚಾಗಿ ಬರುವುದು ಎಎಲ್ಎಲ್ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ). ಎರಡರಿಂದ ಮೂರು ವರ್ಷದ ಚಿಕಿತ್ಸೆ, ಪೂರ್ತಿ ಮಾಡಿದರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಕೂದಲು ಮತ್ತೆ ಬಂತು, ಮಗು ಆಡುತ್ತಿದೆ ಅಂತ ನಡುವೆ ನಿಲ್ಲಿಸಿದರೆ ಕಾಯಿಲೆ ತಿರುಗಿ ಬರುತ್ತದೆ. ದೊಡ್ಡವರಲ್ಲಿ ಎಎಂಎಲ್ (ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ) ಜಾಸ್ತಿ. ಅದರಲ್ಲೇ ಎಪಿಎಲ್ ಅಂತ ಒಂದಿದೆ (ರೇಷನ್ ಕಾರ್ಡ್ ಅಲ್ಲ). ರಕ್ತಸ್ರಾವದಿಂದ ಮೊದಲ ದಿನಗಳಲ್ಲೇ ಜೀವ ತೆಗೆಯುವಂಥದ್ದು, ಅದಕ್ಕೇ ಅನುಮಾನ ಬಂದ ಗಂಟೆಯಲ್ಲೇ ಮಾತ್ರೆ ಶುರು ಮಾಡುತ್ತಾರೆ. ಆ ದಿನಗಳನ್ನು ದಾಟಿದವರು ಬಹುತೇಕ ಗುಣವಾಗುತ್ತಾರೆ.

ನಿಧಾನದ ಬಗೆಯಲ್ಲಿ ಸಿಎಂಎಲ್ (ಕ್ರೋನಿಕ್ ಮೈಲಾಯ್ಡ್ ಲ್ಯುಕೇಮಿಯಾ) ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಒಬ್ಬರು ತೋಟದವರು, ಹರ್ನಿಯಾ ಆಪರೇಷನ್‌ಗೆ ಮೊದಲಿನ ಪರೀಕ್ಷೆಗೆ ಬಂದಿದ್ದರು. ಏನೂ ತೊಂದರೆ ಇಲ್ಲ, ಎರಡು ತುತ್ತು ಊಟ ಮಾಡಿದರೆ ಹೊಟ್ಟೆ ತುಂಬಿದ ಹಾಗಾಗುತ್ತದೆ ಅಷ್ಟೇ ಅಂದರು. ಬಿಳಿ ರಕ್ತಕಣ 1,80,000. ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಒಂದು ಗಂಟೆ ಬಿಟ್ಟು ನೋಡಿದರೆ ಕೆಳಗೆ ಕೆಂಪು, ಮೇಲೆ ಹಳದಿ ನೀರು, ನಡುವೆ ಹಾಲಿನ ಕೆನೆಯ ಹಾಗೆ ದಪ್ಪ ಬಿಳಿ ಪದರ. ಸಾಮಾನ್ಯರ ರಕ್ತದಲ್ಲಿ ಆ ಪದರ ಒಂದು ಗೆರೆಯಷ್ಟಿರುತ್ತದೆ. ಲ್ಯುಕೇಮಿಯಾ ಅಂದರೆ ಬಿಳಿ ರಕ್ತ ಅಂತ ಅರ್ಥ, ಜರ್ಮನಿಯ ವಿರ್ಶೋ ಹೆಸರಿಟ್ಟದ್ದು ಯಾಕೆ ಅಂತ ಆವತ್ತು ಕಣ್ಣಾರೆ ಗೊತ್ತಾಯಿತು. ಹೊಟ್ಟೆ ತುಂಬಿದ ಹಾಗಾಗುತ್ತಿದ್ದುದು ಎಡಪಕ್ಕೆಯ ಗುಲ್ಮ (ಸ್ಪ್ಲೀನ್) ಊದಿಕೊಂಡು.

ಅವರಿಗೆ ಈಗ ದಿನಕ್ಕೊಂದು ಇಮ್ಯಾಟಿನಿಬ್ ಮಾತ್ರೆ. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲಾಗಿ ಬಿಸಿಆರ್-ಎಬಿಎಲ್ ಅನ್ನುವ ಕೆಟ್ಟ ಜೀನ್ ಹುಟ್ಟುತ್ತದೆ, ಈ ಮಾತ್ರೆ ಅದರ ಕೆಲಸವನ್ನೇ ತಡೆಯುತ್ತದೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕಂಪನಿಗೆ ಪೇಟೆಂಟ್ ನಿರಾಕರಿಸಿದ್ದರಿಂದ ಭಾರತದ ಅಗ್ಗದ ಮಾತ್ರೆಗಳಿಗೆ ದಾರಿ ತೆರೆದೇ ಉಳಿಯಿತು. ತೋಟದವರು ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಪರೀಕ್ಷೆಗೆ ರಕ್ತ ಕೊಡಲು ಬರುತ್ತಾರೆ, ಅಡಿಕೆ ಕೊನೆಕೊಯ್ಲು ಇದ್ದರೆ ಬೈದುಕೊಂಡೇ ಬರುತ್ತಾರೆ.

ವಯಸ್ಸಾದವರಲ್ಲಿ ಸಿಎಲ್ಎಲ್ (ಕ್ರೋನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ). ಒಟ್ಟು 24,000, ಲಿಂಫೋಸೈಟ್ 80 ಅಂದರೆ 19,200. ಅಜ್ಜನಿಗೆ ಏನೂ ಆಗಿಲ್ಲ. ಇಂಥ ಎಷ್ಟೋ ಜನರಿಗೆ ವರ್ಷಗಟ್ಟಲೆ ಔಷಧಿಯೇ ಬೇಡ, ತಪಾಸಣೆ ಸಾಕು. "ಕ್ಯಾನ್ಸರ್ ಅಂತೀರಿ, ಮಾತ್ರೆ ಬರೆಯೋದಿಲ್ಲ ಅಂತೀರಿ" ಅಂತ ಮನೆಯವರು ಡಾಕ್ಟರ್ ಬದಲಿಸುತ್ತಾರೆ. ಬದಲಿಸಬೇಡಿ.

ಲಿಂಫೋಮಾದಲ್ಲಿ ರಕ್ತ ಪೂರ್ತಿ ಸರಿಯೇ ಇರಬಹುದು, ಉತ್ತರ ಸಿಗುವುದು ಗಂಟಿನ ಬಯಾಪ್ಸಿಯಲ್ಲಿ. ಮೈಲೋಮಾದಲ್ಲೂ ಬಿಳಿ ರಕ್ತಕಣ ಹೆಚ್ಚಾಗಿ ಸರಿಯಿರುತ್ತದೆ. ಅರವತ್ತು ದಾಟಿದವರಿಗೆ ಬಿಡದ ಬೆನ್ನುನೋವು, ರಕ್ತ ಕಡಿಮೆ, ಇಎಸ್‌ಆರ್ (ಕೆಂಪುಕಣ ತಳಕ್ಕಿಳಿಯುವ ವೇಗ) 100ರ ಮೇಲೆ, ಕಿಡ್ನಿಯೂ ಸ್ವಲ್ಪ ಕೆಟ್ಟಿದೆ ಅಂದರೆ ತೋಟದಲ್ಲಿ ಬಗ್ಗಿ ಕೆಲಸ ಮಾಡಿದ್ದಕ್ಕೆ ಅಂತ ತಳ್ಳಿಹಾಕದೇ ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಪರೀಕ್ಷೆಯ ಬಗ್ಗೆ ಕೇಳಿ.

ಬೋನ್ ಮ್ಯಾರೋ ಪರೀಕ್ಷೆಗೆ ಹೆದರಬೇಡಿ

"ಬೆನ್ನುಹುರಿಗೆ ಸೂಜಿ ಹಾಕ್ತಾರಂತೆ, ಕಾಲು ಹೋಗುತ್ತಂತೆ." ಇಲ್ಲ. ಸೂಜಿ ಹಾಕುವುದು ಸೊಂಟದ ಹಿಂದಿನ ಮೂಳೆಗೆ, ಬೆನ್ನುಹುರಿ ಅಲ್ಲಿಲ್ಲ. ಮಗ್ಗುಲಾಗಿ ಮಲಗಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಅರ್ಧ ಗಂಟೆಯ ಕೆಲಸ. ಮಜ್ಜೆ ಎಳೆಯುವಾಗ ಕೆಲವು ಸೆಕೆಂಡ್ ಕಾಲಿನವರೆಗೂ ಸೆಳೆದ ಹಾಗೆ ನೋವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸಾಮಾನ್ಯವಾಗಿ ಅವತ್ತೇ ಮನೆಗೆ. ಅಲ್ಲಿ ಬ್ಲಾಸ್ಟ್ ಶೇಕಡಾ 20 ಅಥವಾ ಹೆಚ್ಚಿದ್ದರೆ ದಿಢೀರ್ ಲ್ಯುಕೇಮಿಯಾ ಅನ್ನುತ್ತಾರೆ. ಯಾವ ಜಾತಿ ಅಂತ ಹೇಳುವುದು ಫ್ಲೋ ಸೈಟೋಮೆಟ್ರಿ (ಕಣಗಳ ಮೇಲಿನ ಗುರುತು ಹಿಡಿಯುವ ಪರೀಕ್ಷೆ) ಮತ್ತು ಜೀನ್ ಪರೀಕ್ಷೆಗಳು. ಔಷಧಿ ನಿರ್ಧಾರವಾಗುವುದು ಅವುಗಳಿಂದ, ದುಬಾರಿ ಅಂತ ಬಿಡಬೇಡಿ.

ಇದೆಲ್ಲ ಆಗುವವರೆಗೆ ಒಂದು ಎಚ್ಚರಿಕೆ. ಸುಸ್ತಿಗೆ, ಗಂಟಿಗೆ ಅಂತ ಯಾರಾದರೂ ಸ್ಟೀರಾಯ್ಡ್ ಕೊಟ್ಟರೆ ಯಾಕೆ ಅಂತ ಕೇಳಿ. ಲಿಂಫೋಮಾ, ಎಎಲ್ಎಲ್ ಎರಡೂ ಸ್ಟೀರಾಯ್ಡ್‌ಗೆ ಕರಗಿ ಅಡಗಿಕೊಳ್ಳುತ್ತವೆ, ಗಂಟು ಮಾಯ, ಮನೆಯವರಿಗೆ ಖುಷಿ. ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ, ತಿಂಗಳು ಬಿಟ್ಟು ಎಲ್ಲ ವಾಪಸ್. ಹೆಸರಿಲ್ಲದ ಪುಡಿ, ಗುಳಿಗೆಗಳಿಗೂ ಇದೇ ಮಾತು, ಒಳಗೆ ಏನು ಬೆರೆಸಿದ್ದಾರೋ ಗೊತ್ತಾಗುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಡಾಕ್ಟರನ್ನು ಕೇಳದೇ ಆಸ್ಪಿರಿನ್, ನೋವಿನ ಮಾತ್ರೆ, ಕುಂಡೆಗೆ ಇಂಜೆಕ್ಷನ್ ಯಾವುದೂ ಬೇಡ.

ಎಲ್ಲಿಗೆ, ಏನು ಹಿಡಿದುಕೊಂಡು

ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವೆಲ್ಲ ಕೂಗಿ ಗಂಟಲು ಒಣಗಿದೆ, ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಕರಾವಳಿಯವರು ಸಾಮಾನ್ಯವಾಗಿ ಮಣಿಪಾಲ, ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೂ ಹೋಗುತ್ತಾರೆ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಅಂದರೆ ಬೆಂಗಳೂರಿನ ಕಿದ್ವಾಯಿ. ಕೇಳಬೇಕಾದದ್ದು ಹೆಮಟಾಲಜಿಸ್ಟ್ (ರಕ್ತದ ಕಾಯಿಲೆ ತಜ್ಞರು) ಅಥವಾ ಮೆಡಿಕಲ್ ಆಂಕಾಲಜಿಸ್ಟ್ (ಕ್ಯಾನ್ಸರ್‌ಗೆ ಔಷಧಿ ಕೊಡುವ ತಜ್ಞರು) ಇದ್ದಾರಾ ಅಂತ.

ಹೊರಡುವ ಮೊದಲು ಚಿಕಿತ್ಸೆಯ ಖರ್ಚು ಕೊಡುವ ಸರ್ಕಾರಿ ಯೋಜನೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾಗದ ಸರಿಮಾಡಿಕೊಳ್ಳಿ. 2018ರಲ್ಲಿ ಶುರುವಾದ ಯೋಜನೆಯ ನಿಯಮದ ಪ್ರಕಾರ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ಅದನ್ನು ಮಾಡಿಸದೇ ಘಟ್ಟ ಇಳಿದು ಹೋಗಿ, ಚೀಟಿಗೋಸ್ಕರ ಮತ್ತೆ ಘಟ್ಟ ಹತ್ತಿದವರನ್ನು ನೋಡಿದ್ದೇನೆ. ಅನುಮಾನ ಇದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಆದರೆ ಸ್ಮಿಯರ್‌ನಲ್ಲಿ ಬ್ಲಾಸ್ಟ್ ಅಂತ ಬರೆದಿದ್ದರೆ, ಬಿಳಿ ರಕ್ತಕಣ ಲಕ್ಷ ದಾಟಿದ್ದರೆ, ರಕ್ತ ನಿಲ್ಲದಿದ್ದರೆ, ಉಸಿರು ಕಟ್ಟುತ್ತಿದ್ದರೆ ಅದು ತುರ್ತು. ಚೀಟಿಗೆ ಕಾಯದೇ ಹೊರಡಿ.

ಚೀಲದಲ್ಲಿ ಹಳೆಯ ರಿಪೋರ್ಟ್‌ಗಳೆಲ್ಲ ತಾರೀಕಿನ ಪ್ರಕಾರ ಇರಲಿ. ಮೂರು ವರ್ಷದ ಹಿಂದಿನ ಒಂದು ಸಿಬಿಸಿ ಸಿಕ್ಕಿದರೆ ಏರಿಳಿತ ಯಾವಾಗ ಶುರುವಾಯಿತು ಅಂತ ಡಾಕ್ಟರಿಗೆ ಗೊತ್ತಾಗುತ್ತದೆ. ಪಂಚಾಂಗದ ಒಳಗೆ, ದೇವರ ಗೂಡಿನ ಕೆಳಗೆ ಹುಡುಕಿ. ಮಾತ್ರೆಗಳನ್ನು ಕವರ್ ಸಮೇತ ಒಯ್ಯಿರಿ. ಸ್ಮಿಯರ್ ಮಾಡಿದ ಲ್ಯಾಬಿನಿಂದ ಸ್ಲೈಡನ್ನೇ ಕೇಳಿ ಪಡೆಯಿರಿ, ಕೊಡುತ್ತಾರೆ. ಚಿಕಿತ್ಸೆಗೆ ಮೊದಲಿನ ಆ ಸ್ಲೈಡ್ ಮತ್ತೆ ಸಿಗುವಂಥದ್ದಲ್ಲ. ಹತ್ತಿ ಇಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಅಂಗಿ ಕಿಸೆಯಲ್ಲಿಟ್ಟುಕೊಳ್ಳಿ, ಬಸ್ಸಿನ ಮೇಲಿನ ಕಟ್ಟೆಗೆ ಎಸೆಯುವ ಬ್ಯಾಗಿನಲ್ಲಿ ಮಾತ್ರ ಇಡಬೇಡಿ, ದೇವಿಮನೆ ಘಟ್ಟದ ತಿರುವಿಗೆ ಗಾಜು ಉಳಿಯುವುದಿಲ್ಲ.